ತುಟಿ ಅಲ್ಲಾಡದಂತೆ

ಕನ್ನಡಿಯ ಮುಂದೆ ನಿಂತು ಸುಮ್ಮನೆ ಬಾಯಿ ಮುಚ್ಚಿಕೊಂಡಿರುವುದು ಇಷ್ಟು ಕಷ್ಟದ ಕೆಲಸವೆಂದು ಅವನಿಗೆ ಈ ವಯಸ್ಸಿನವರೆಗೂ ಗೊತ್ತಿರಲಿಲ್ಲ. ಒಂದು ಕೆನ್ನೆಗೆ ನೊರೆ, ಇನ್ನೊಂದು ಕೆನ್ನೆ ನುಣ್ಣಗೆ, ನಡುವೆ ಎರಡು ತುಟಿಗಳು, ಯಾರದೋ ಮನೆಯ ಹಟಮಾರಿ ಮಕ್ಕಳ ಹಾಗೆ, ಕೂರು ಎಂದರೂ ಕೂರದೆ ಮಿಸುಕಾಡುತ್ತಿದ್ದವು. ಬಚ್ಚಲುಮನೆಯ ಬಾಗಿಲಾಚೆ ಹೆಂಡತಿ, "ರೀ, ಗೀಸರ್ ಆಫ್..." ಎನ್ನುವಷ್ಟರಲ್ಲಿ ಕನ್ನಡಿಯೊಳಗಿನ ತುಟಿಗಳು "ಮಾಡಿದ್ರಾ" ಎಂದು ಮುಗಿಸಿ ಮುಂದಿನ ಮಾತಿಗೆ ಕಾದು ನಿಂತಿದ್ದವು. "ನೀರು ಸುಮ್ನೆ..." "ಹರೀತಾ ಇದೆ." "ನಂದು ಇವತ್ತು..." "ಎರಡನೇ ಪಾಳಿ." ಇಷ್ಟು ವರ್ಷದ ಸಂಸಾರದಲ್ಲಿ ಹೆಂಡತಿಯ ಮಾತುಗಳೆಲ್ಲ ಅವನಿಗೆ ಬಾಯಿಪಾಠವಾಗಿದ್ದವು, ಅದರಲ್ಲಿ ಆಶ್ಚರ್ಯವೇನಿಲ್ಲ, ಇನ್ನೊಬ್ಬರ ಮಾತನ್ನು ಬಾಯಿಪಾಠ ಮಾಡಿಟ್ಟುಕೊಳ್ಳುವುದೇ ಅವನ ಸಂಜೆಯ ಕಸುಬು. ಆದರೆ ಆ ಮಾತುಗಳನ್ನು ತಾನೂ ಅವಳ ಜೊತೆಗೇ ಆಡುತ್ತಿದ್ದೇನೆ, ಅದೂ ಅರ್ಧ ಹೆಜ್ಜೆ ಮುಂದಾಗಿ, ಎಂಬುದನ್ನು ಕಣ್ಣಾರೆ ಕಂಡದ್ದು ಇವತ್ತೇ. ಎಡಗೈಯ ಎರಡು ಬೆರಳುಗಳಿಂದ ತುಟಿಗಳನ್ನು ಒತ್ತಿ ಹಿಡಿದ. ಬಲಗೈಯ ರೇಜರು ಅದಕ್ಕೇ ಕಾದಿದ್ದಂತೆ ಗಲ್ಲದ ಮೇಲೆ ಜಾರಿತು.

"ಆಯ್ತಾ, ಕೊಯ್ಕೊಂಡ್ರಾ?" ಎಂದಳು ಹೆಂಡತಿ ಆಚೆಯಿಂದ. ಅವನು ತುಟಿಪಿಟಕ್ಕೆಂದಿರಲಿಲ್ಲ. ಅವಳಿಗೂ ಅವನು ಬಾಯಿಪಾಠವಾಗಿದ್ದ.

ಷರತ್ತು ಹಾಕಿದವಳು ಮಗಳು. ಹಿಂದಿನ ದಿನ ಊಟದ ಮೇಜಿನ ಮುಂದೆ, ತಟ್ಟೆಯಿಂದ ತಲೆಯೆತ್ತದೆ, "ನೀನು ಬಾ ಅಪ್ಪ. ಆದ್ರೆ ಹಿ... ಹಿಂದಿನ ಸಾಲಲ್ಲಿ ಕೂತ್ಕೋ. ಬಾಯಿ ಅಲ್ಲಾಡಿಸ್ಬೇಡ," ಎಂದಿದ್ದಳು. "ನಾನೆಲ್ಲಿ ಅಲ್ಲಾಡಿಸ್ತೀನಿ?" ಎಂದು ನಕ್ಕಿದ್ದ. "ಈಗ 'ಹಿಂದಿನ' ಅಂತ ಅಲ್ಲಾಡಿಸ್ದೆ. ನಾನು ನೋಡ್ದೆ." ಹೆಂಡತಿ ನೀರಿನ ಲೋಟವನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಎಂಟನೇ ತರಗತಿಯ ಮಕ್ಕಳು ಒಬ್ಬೊಬ್ಬರಾಗಿ ವೇದಿಕೆ ಹತ್ತಿ, ತಮ್ಮ ಮನೆಯ ಯಾವುದಾದರೂ ಒಂದು ವಸ್ತುವಿನ ಬಗ್ಗೆ ತಂದೆತಾಯಿಯರೆದುರು ನಾಲ್ಕು ಮಾತು ಆಡಬೇಕಂತೆ. ಬೇಡದಿದ್ದರೆ ಬಿಡಬಹುದು ಎಂದು ಟೀಚರು ಇವಳ ಕಡೆ ನೋಡಿ ಹೇಳಿದ್ದರಂತೆ. ಆ ನೋಟವೇ ಇವಳನ್ನು ಕೆರಳಿಸಿರಬೇಕು. ಎದ್ದು ಹೆಸರು ಕೊಟ್ಟುಬಂದಿದ್ದಳು. ಯಾವ ವಸ್ತು ಎಂದರೆ ಹೇಳಲೊಲ್ಲಳು. ಬರೆದದ್ದನ್ನು ಒಂದು ಸಲ ತೋರಿಸು, ತಪ್ಪಿದ್ದರೆ ತಿದ್ದುತ್ತೇನೆ ಎಂದರೆ, ಬರೆದೇ ಇಲ್ಲ ಎನ್ನುತ್ತಾಳೆ. ಅವನಿಗೆ ಗುಂಡಿಗೆ ಬಾಯಿಗೆ ಬಂದದ್ದು ಅಲ್ಲಿ. ಬರೆಯದೆ ವೇದಿಕೆ ಹತ್ತುವುದೆಂದರೇನು? ಅವಳು ಮಲಗುವ ಮುನ್ನ ಕೋಣೆಯ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುವಾಗ ಅವನು ಹೊರಗೆ, ಬಟ್ಟೆ ಮಡಿಸುವ ನೆಪದಲ್ಲಿ, ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದ. ಒಳಗಿನಿಂದ ಪಿಸುಮಾತು ಹರಿದುಬರುತ್ತಿತ್ತು. ಪದಗಳು ತಿಳಿಯುತ್ತಿರಲಿಲ್ಲ, ಆದರೆ ಎಲ್ಲೂ ತಡೆಯಿರಲಿಲ್ಲ. ಪಿಸುಗುಟ್ಟುವಾಗ ಅವಳು ಎಂದೂ ಸಿಕ್ಕಿಕೊಂಡವಳಲ್ಲ. ಚಿಕ್ಕಂದಿನಲ್ಲಿ ಹೊದಿಕೆಯೊಳಗೆ ಅಮ್ಮನ ಕಿವಿಗೆ ಬಾಯಿಟ್ಟು ಇಡೀ ದಿನದ ಚಾಡಿಯನ್ನು ಹೀಗೇ ಸರಾಗ ಹೇಳುತ್ತಿದ್ದಳು. ಬೆಳಗಾಗಿ ದನಿ ತೆರೆದರೆ ಮತ್ತೆ ಅದೇ ಬಾಗಿಲು, ಅದೇ ಚಿಲಕ.

ಅವನನ್ನು ಮನೆಯಲ್ಲಿ ಗಾಬರಿ ಮೂಟೆ ಎನ್ನುತ್ತಾರೆ. ಹೆಸರಿಟ್ಟವಳು ಹೆಂಡತಿ, ಮದುವೆಯಾದ ಹೊಸತರಲ್ಲಿ. ರೈಲು ತಪ್ಪೀತೆಂದು ಅವನು ಅವಳನ್ನು ಅದೆಷ್ಟು ಮುಂಚೆ ನಿಲ್ದಾಣಕ್ಕೆ ಎಳೆದುಕೊಂಡು ಹೋಗಿದ್ದನೆಂದರೆ, ಹಿಂದಿನ ದಿನ ಬರಬೇಕಾಗಿದ್ದ ಗಾಡಿ ತಡವಾಗಿ ಆಗ ಬಂದು ನಿಂತಿತ್ತು, ಅದಕ್ಕೇ ಹತ್ತಿಬಿಟ್ಟಿದ್ದರು. ಟಿಕೆಟ್ ನೋಡಿದವನು "ಟಿಕೆಟ್ ಇವತ್ತಿಂದಲ್ವಾ ಸ್ವಾಮಿ? ಇದು ನಿನ್ನೆ ಗಾಡಿ," ಎಂದಾಗ ಇಡೀ ಬೋಗಿ ನಕ್ಕಿತ್ತು. ಹೆಸರು ಅದು ಹೇಗೋ ಅವನು ಸಂಜೆ ದುಡಿಯುವ ನಾಟಕ ಮಂಡಳಿಯವರ ಕಿವಿಗೆ ಬಿದ್ದು, ಅಲ್ಲಿ ಗಾಬರಿ ಉದುರಿಹೋಗಿ ಬರೀ ಮೂಟೆ ಉಳಿಯಿತು. ಮೂಟೆಯನ್ನು ಕರೀರಿ ಎಂದರೆ ಹೊಸಬರು ದಢೂತಿ ಆಳೊಬ್ಬನನ್ನು ಎದುರು ನೋಡುತ್ತಾರೆ. ಬರುವವನು ಹ್ಯಾಂಗರಿಗೆ ಶರ್ಟು ತಗುಲಿಹಾಕಿದಂತಿರುವ ಇವನು. ಒಳಗೆ ಏನು ತುಂಬಿದೆಯೆಂದು ಅವನಿಗಲ್ಲದೆ ಯಾರಿಗೆ ಗೊತ್ತು: ತಪ್ಪಬಹುದಾದ ಬಸ್ಸುಗಳು, ಬಾಗಿಲಿಗೆ ಹಾಕಿರದಿರಬಹುದಾದ ಬೀಗ, ಎದೆಯ ಎಡಭಾಗದ ಚುಳುಕು, ಇನ್ನೊಬ್ಬರು ಮರೆಯಬಹುದಾದ ಮಾತುಗಳು.

ಹಗಲು ಕೆಲಸ ಕನ್ನಡಕದ ಅಂಗಡಿಯಲ್ಲಿ. ಅಲ್ಲಿಯೂ ಮೂಟೆ ಒಮ್ಮೆ ಬಿಚ್ಚಿಕೊಂಡಿತ್ತು. ಮೊದಲಿಗೆ ಅವನನ್ನು ಅಕ್ಷರಗಳ ಪಟದ ಪಕ್ಕ ನಿಲ್ಲಿಸಿದ್ದರು. ಕೋಲಿನಿಂದ ಒಂದೊಂದೇ ಸಾಲು ತೋರಿಸುವ ಕೆಲಸ, ಮಗುವೂ ಮಾಡಬಹುದು. ಆದರೆ ಗಿರಾಕಿ ಕಣ್ಣು ಕಿರಿದು ಮಾಡಿ, ಕತ್ತು ಮುಂದೆ ಚಾಚಿ, ಕೆಳಗಿನ ಸಾಲಿಗೆ ಬಂದು ತಡವರಿಸುವುದನ್ನು ಇವನ ಜೀವ ತಡೆದುಕೊಳ್ಳದು. ಪಾಪ, ಎನ್ನಿಸಿ ತುಟಿಯಲ್ಲೇ ಅಕ್ಷರ ತೋರಿಸಿಬಿಡುತ್ತಿದ್ದ. ಪಟವನ್ನು ಕಾಣದವರೂ ಅವನ ಬಾಯಿಯನ್ನು ಕಾಣುತ್ತಿದ್ದರು. ಕೆಲವೇ ದಿನಗಳಲ್ಲಿ ನಾಲ್ಕಾರು ಮಂದಿ, ಈ ಕನ್ನಡಕದಲ್ಲಿ ಏನೂ ಕಾಣಲ್ಲ, ನಿಮ್ಮಂಗಡೀಲಿ ಮಾತ್ರ ಎಲ್ಲ ಕಾಣ್ತಿತ್ತು ಎಂದು ತಿರುಗಿ ಬಂದರು. ಕಣ್ಣು ನೋಡುವ ಡಾಕ್ಟರಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಒಂದು ದಿನ ಅವರೇ ಗಿರಾಕಿಯ ಕುರ್ಚಿಯಲ್ಲಿ ಕೂತು ನೋಡಿದರು, ನೋಡಿ ಬಹಳ ಹೊತ್ತು ಹಣೆಯ ಮೇಲೆ ಕೈಯಿಟ್ಟುಕೊಂಡಿದ್ದರು. ಅಂದಿನಿಂದ ಅವನು ಫ್ರೇಮುಗಳ ಕಪಾಟಿನ ಕಡೆ.

ಗಲ್ಲದ ಮೇಲೆ ಹತ್ತಿಯ ಚೂರಂಟಿಸಿಕೊಂಡು ಹೋಗಿ, "ಮಧ್ಯಾಹ್ನದ ಮೇಲೆ ರಜ ಬೇಕಿತ್ತು ಮೇಡಂ. ಮಗಳ ಶಾಲೇಲಿ ಭಾಷಣ," ಎಂದಾಗ ಡಾಕ್ಟರಮ್ಮ ಕನ್ನಡಕದ ಮೇಲಿಂದ ಅವನನ್ನು ನೋಡಿದರು.

"ಅವಳು ಮಾಡ್ತಾಳೋ, ನೀವು ಮಾಡ್ತೀರೋ?"

"ಅವಳೇ ಮೇಡಂ."

"ಹಾಗಾದ್ರೆ ನಿಮ್ಗ್ಯಾಕೆ ಕೈ ನಡುಗ್ತಿದೆ? ಆ ಫ್ರೇಮ್ ಕೆಳಗಿಡಿ ಮೊದ್ಲು."

ಕೆಳಗಿಟ್ಟ. ಇಡುವಾಗ ಪಕ್ಕದ ಎರಡು ಬಿದ್ದವು. ಬಗ್ಗಿ ಎತ್ತಿಕೊಳ್ಳುತ್ತಾ ಅವನ ಕಣ್ಣಿಗೆ ಬಿದ್ದದ್ದು ತನ್ನ ಬೂಟುಗಳು, ಅದರ ಜೊತೆಗೆ ನೆನಪಿನಿಂದ ಎದ್ದುಬಂದ ಇನ್ನೊಂದು ಜೊತೆ ಪುಟ್ಟ ಬೂಟುಗಳು. ಮಗಳು ಆ ಮಾತು ಹೇಳಿದ್ದು ಹೋದ ವಾರ, ಜಗಳದ ಧಾಟಿಯಲ್ಲೂ ಅಲ್ಲ, ಹಳೆಯ ಬೂಟುಗಳನ್ನು ಯಾರಿಗಾದರೂ ಕೊಡೋಣವೆಂದು ಅಟ್ಟದಿಂದ ಇಳಿಸುವಾಗ ನಗುತ್ತಲೇ ಹೇಳಿದ್ದಳು: "ಇದು ನಂಗೆ ಬೇಕಾಗಿರ್ಲಿಲ್ಲ, ಗೊತ್ತಾ?" ಅವಳು ಚಿಕ್ಕವಳಿದ್ದಾಗ ಅಂಗಡಿಯಲ್ಲಿ ಬೂಟಿನವನು ಬಾಗಿ, ಯಾವ ಬಣ್ಣ ಪುಟ್ಟೀ ಎಂದಿದ್ದ. ಅವಳು ಕ, ಕ ಎಂದು ಸಿಕ್ಕಿಕೊಂಡಿದ್ದಳು. ಎರಡೂ ಹೆಬ್ಬೆರಳುಗಳು ಮುಷ್ಟಿಯೊಳಗೆ ಅಡಗಿದ್ದವು. ಹಿಂದೆ ನಿಂತವರು ನೋಡುತ್ತಿದ್ದರು. "ಕಪ್ಪು, ಕಪ್ಪು ಕೊಡಿ," ಎಂದು ಅಪ್ಪ ಕಾಪಾಡಿದ್ದ. ಅವಳು ತಲೆಯಾಡಿಸಿದ್ದಳು. ಬೂಟು ಹರಿಯುವ ತನಕ ಹಾಕಿಕೊಂಡಿದ್ದಳು. ಅವಳಿಗೆ ಬೇಕಾಗಿದ್ದದ್ದು ಕಂದು. ಎದುರಿನ ಗಾಜಿನೊಳಗೇ ಇತ್ತಂತೆ, ಬಕಲ್ ಇದ್ದದ್ದು. "ಆಗ್ಲೇ ಹೇಳ್ಬಾರ್ದಿತ್ತಾ?" ಎಂದು ಕೇಳಿದ ಮೇಲೆ, ಕೇಳಿದ್ದೆಂಥ ಪ್ರಶ್ನೆ ಎಂದು ತಿಳಿದು, ಅಟ್ಟದ ಏಣಿಯ ಮೇಲೇ ಸ್ವಲ್ಪ ಹೊತ್ತು ಕೂತಿದ್ದ. ಬೂಟೊಂದು ಹೋಗಲಿ. ಹಾಗೆ ತಾನು ಕೊಟ್ಟ ಎಷ್ಟು ಮಾತುಗಳನ್ನು ಅವಳು, ಬೇಡದಿದ್ದರೂ, ಸುಲಭವೆಂದು ತೆಗೆದುಕೊಂಡಿದ್ದಾಳು? ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ನೆಂಟರ ಮನೆಯಲ್ಲಿ. ಅವಳ ತೊದಲಿಗೆ ಮಾತಿನ ಪಾಠ ಹೇಳಿಕೊಡುತ್ತಿದ್ದ ಮೇಡಂ ಮೊದಲ ದಿನವೇ, ನೀವು ಏನೂ ಮಾಡಬೇಡಿ, ಕಾಯಿರಿ, ಅಷ್ಟೇ ಎಂದಿದ್ದರು. ಏನೂ ಮಾಡಬೇಡಿ ಎಂಬುದೊಂದು ಮಾಡುವ ಕೆಲಸವೆಂದು ಅವನ ತಲೆಗೆ ಹೋಗಿರಲಿಲ್ಲ. ಆ ಪಾಠದ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು, ಒಳಗೆ ಅವಳು ಓದುತ್ತಿದ್ದ ಪಾಠವನ್ನು ತಾನೂ ತುಟಿಯಲ್ಲಿ ಓದುತ್ತಿದ್ದ. ಪಕ್ಕ ಕೂತವರು ಇವನೇ ರೋಗಿಯೆಂದು ತಿಳಿದಿದ್ದರು.

ಇದೆಲ್ಲದರ ಮೇಲೆ ಭಾನುವಾರದ ಪ್ರಸಂಗ. ಮಂಡಳಿಯಲ್ಲಿ ಅವನ ಜಾಗ ಪಕ್ಕದ ಪರದೆಯ ಹಿಂದೆ, ಮೊಳದುದ್ದದ ಸ್ಟೂಲು, ನಾಟಕದ ಪ್ರತಿಯ ಮೇಲೆ ಬಾಗಿದ ಒಂದು ಸಣ್ಣ ಬಲ್ಬು. ನಟರು ಮಾತು ಮರೆತರೆ ಅಲ್ಲಿಂದ ಪಿಸುಗುಟ್ಟಿ ಕೊಡಬೇಕು. ಅಲ್ಲಿಂದ ಯಾರ ಮುಖವೂ ಕಾಣುವುದಿಲ್ಲ. ಅವನಿಗೆ ನಟರೆಂದರೆ ಕತ್ತು, ಕಿವಿ, ಬೆನ್ನಿನ ಬೆವರು, ಬಣ್ಣ ಹಚ್ಚಲು ಮರೆತ ಕಿವಿಯ ಹಿಂಭಾಗ. ಈಗಿನ ನಾಟಕದಲ್ಲಿ ಯಜಮಾನರದು ನ್ಯಾಯಾಧೀಶನ ಪಾತ್ರ. ಮಂಡಳಿ ಕಟ್ಟಿದವರು ಅವರೇ, ಎಲ್ಲರಿಗೂ ಯಜಮಾನರು. ಕೊನೆಯ ಅಂಕದಲ್ಲಿ ಸ್ವಂತ ತಮ್ಮನಿಗೆ ಮರಣಶಿಕ್ಷೆ ಕೊಟ್ಟು, ಕಾವಲಿನವರಿಗೆ "ಕರೆದುಕೊಂಡು ಹೋಗಿ" ಎನ್ನಬೇಕು. ಭಾನುವಾರ ಆ ಮಾತಿಗೆ ಮುಂಚೆ ಅವರು ನಿಂತರು. ತಾಲೀಮಿನಲ್ಲೂ ಒಂದು ಉಸಿರು ನಿಲ್ಲುತ್ತಿದ್ದರು, ಅಂದು ಆ ಉಸಿರು ಮುಗಿದರೂ ಮಾತು ಬರಲಿಲ್ಲ. ಮೂಟೆ ಅವರ ಕತ್ತನ್ನೇ ನೋಡಿದ. ಕತ್ತು ಏನೂ ಹೇಳಲಿಲ್ಲ. ಸಭಾಂಗಣದಲ್ಲಿ ಕೆಮ್ಮಿಲ್ಲ, ಕುರ್ಚಿಯ ಕಿರುಗುಟ್ಟಿಲ್ಲ. ಅಂಥ ನಿಶ್ಶಬ್ದವನ್ನು ಅವನು ಸ್ಮಶಾನದಲ್ಲೂ ಕೇಳಿರಲಿಲ್ಲ. ಮರೆತರು, ಮರೆತೇ ಹೋಯಿತು, ವಯಸ್ಸಾಯಿತಲ್ಲ ಎಂದು ಎದೆ ಡವಗುಟ್ಟಿ, "ಕರೆದುಕೊಂಡು ಹೋಗಿ," ಎಂದು ಪಿಸುಗುಟ್ಟಿದ. ಅವರು ಅಲ್ಲಾಡಲಿಲ್ಲ. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ. ಮೂರನೆಯ ಸಲ ಎಷ್ಟು ಗಟ್ಟಿಯಾಗಿತ್ತೆಂದರೆ ಮುಂದಿನ ಸಾಲುಗಳಲ್ಲಿ ಯಾರೋ, "ಕರ್ಕೊಂಡು ಹೋಗ್ರೋ, ಪಾಪ ಅಷ್ಟು ಹೇಳ್ತಿದಾನೆ," ಎಂದುಬಿಟ್ಟರು. ಇಡೀ ಸಭೆ ಗೊಳ್ಳೆಂದಿತು. ಸಾಯಲು ಹೊರಟಿದ್ದ ತಮ್ಮನೂ ಭುಜ ಕುಲುಕಿಸಿ ನಕ್ಕ.

ಬಣ್ಣದ ಕೋಣೆಯಲ್ಲಿ ಯಜಮಾನರು ಬೈಯಲಿಲ್ಲ. ಬೈದಿದ್ದರೆ ಬೈಸಿಕೊಳ್ಳುವುದು ಅವನಿಗೆ ಅಭ್ಯಾಸವಿತ್ತು. ಮುಖಕ್ಕೆ ಎಣ್ಣೆ ಸವರಿಕೊಳ್ಳುತ್ತಾ ಕನ್ನಡಿಯೊಳಗಿನಿಂದಲೇ, "ನಾನು ಮರೆತಿರ್ಲಿಲ್ಲ ಕಣಯ್ಯಾ," ಎಂದರು. "ನಿಂತಿದ್ದೆ." ಅಷ್ಟೇ. ನ್ಯಾಯಾಧೀಶನ ಹೆಂಡತಿಯ ಪಾತ್ರದ ಅಕ್ಕ ಮಾತ್ರ ಬಳೆ ಕಳಚುತ್ತಾ, "ಮೂಟೆ ಬಿಚ್ಕೊಂಡ್ರೆ ಹೊಲಿಯೋದು ಯಾರಪ್ಪಾ," ಎಂದು ಎಲ್ಲರನ್ನೂ ಇನ್ನೊಮ್ಮೆ ನಗಿಸಿದ್ದಳು. ಇವತ್ತು ಸಂಜೆ ಮತ್ತೆ ಅದೇ ನಾಟಕ.

ಶಾಲೆಯ ಸಭಾಂಗಣವನ್ನು ಅವನು ತಲುಪಿದಾಗ ಆಳುಗಳು ಇನ್ನೂ ಕುರ್ಚಿ ಜೋಡಿಸುತ್ತಿದ್ದರು. ಸುಮ್ಮನೆ ನಿಲ್ಲಲಾರದೆ ತಾನೂ ನಾಲ್ಕು ಕುರ್ಚಿ ಹಾಕಿದ. ಕೊನೆಯ ಸಾಲಿನ ಮೂಲೆ ಹಿಡಿದು ಕೂತು, ಬಾಗಿಲು ಎಲ್ಲಿದೆ, ನೀರಿನ ಕೊಳಾಯಿ ಎಲ್ಲಿದೆ, ಅವಳು ಅಳುತ್ತಾ ಇಳಿದು ಓಡಿದರೆ ಯಾವ ದಾರಿಯಲ್ಲಿ ಅಡ್ಡಹಾಕಬಹುದು, ಎಲ್ಲ ಲೆಕ್ಕ ಹಾಕಿದ. ಜನ ತುಂಬಿದರು. ಮಕ್ಕಳು ಬಂದರು, ಗೋಡೆ ಗಡಿಯಾರ, ಅಜ್ಜನ ಊರುಗೋಲು, ಹೊಲಿಗೆ ಯಂತ್ರ. ಒಬ್ಬೊಬ್ಬ ಮಗುವಿನ ಜೊತೆಗೂ ಅವನ ತುಟಿ ಹೊರಟಿತು. ಗುರುತಿಲ್ಲದ ಮಕ್ಕಳ, ಕೇಳಿರದ ಭಾಷಣಗಳನ್ನೂ ಅದು ಊಹಿಸಿ ಊಹಿಸಿ ಮುಗಿಸತೊಡಗಿತು. ಮಗಳ ಹೆಸರು ಕರೆಯುವ ಹೊತ್ತಿಗೆ ದಾರಿ ಕಾಣದೆ ಜೇಬಿನಿಂದ ಕರವಸ್ತ್ರ ತೆಗೆದು, ಮಡಿಸಿ, ಬಾಯಿಗೆ ತುರುಕಿಕೊಂಡ. ಪಕ್ಕದಲ್ಲಿದ್ದ ಗುಂಡನೆಯ ತಾಯಿಯೊಬ್ಬಳು ಇತ್ತ ತಿರುಗಿದಳು.

"ಹಲ್ಲು ನೋವಾ?"

ತಲೆಯಾಡಿಸಿದ.

"ಕೀಳಿಸ್ಬಿಡಿ. ನಮ್ಮನೆಯವ್ರೂ ಹಿಂಗೇ ಒದ್ದಾಡ್ತಿದ್ರು. ಮಾತ್ರೆ ಇದೆ, ಕೊಡ್ಲಾ?"

ವೇದಿಕೆಯ ಮೇಲೆ ಮಗಳು ಬಂದು ನಿಂತಿದ್ದಳು. ಮನೆಯಲ್ಲಿರುವುದಕ್ಕಿಂತ ಉದ್ದವಾಗಿ ಕಂಡಳು. ಕೈಯಲ್ಲಿ ಕಾಗದವಿಲ್ಲ. "ನಮ್ಮನೆ ಸಿಂಕಿನ ಕೆಳಗೆ ಒಂದು ಪೈಪ್ ಇದೆ," ಎಂದಳು. "ಅದು ನೇರವಾಗಿಲ್ಲ. ಬಾ... ಬಾ..." ಹೆಬ್ಬೆರಳು ಮುಷ್ಟಿಯೊಳಗೆ ಹೋಯಿತು, ಭುಜ ಕಿವಿಯ ಕಡೆಗೆ ಏರಿತು. ಕರವಸ್ತ್ರದೊಳಗೆ ಅವನ ನಾಲಿಗೆ 'ಬಾಗಿದೆ, ಬಾಗಿದೆ' ಎಂದು ಗೋಡೆಗೆ ತಲೆ ಚಚ್ಚಿಕೊಂಡಿತು. "...ಬಾಗಿದೆ," ಎಂದಳು ಅವಳು. "ಆ ಬಾಗಿದ ಜಾಗದಲ್ಲಿ ಯಾವಾಗ್ಲೂ ಸ್ವಲ್ಪ ನೀರು ನಿಂತಿರುತ್ತೆ. ಕೆಟ್ಟು ನಿಂತಿರೋದಲ್ಲ. ನಿಲ್ಲಲಿ ಅಂತ್ಲೇ ಬಾಗಿಸಿರೋದು. ಆ ನೀರು ನಿಂತಿದ್ರೇನೇ ಚರಂಡಿ ವಾಸನೆ ಮ... ಮನೆಯೊಳಗೆ ಬರಲ್ಲ. ಇದು ನಮ್ಮಪ್ಪಂಗೆ ಗೊತ್ತಿರ್ಲಿಲ್ಲ."

ಅವನ ಜೀವ ಅಂಗಾಲಿಗಿಳಿಯಿತು. ಗೋಡೆ ಗಡಿಯಾರ ಸಿಗಲಿಲ್ಲವೇ ಇವಳಿಗೆ? ಇಡೀ ಮನೆಯಲ್ಲಿ ಇವಳಿಗೆ ಕಂಡದ್ದು ಆ ಪೈಪೇ? ಸಿಂಕಿನ ನೀರು ಸ್ವಲ್ಪ ನಿಧಾನವಾಗಿ ಇಳಿಯುತ್ತಿದೆಯೆಂದು ತಾನೇ ಟಾರ್ಚು ಹಿಡಿದು ಕೆಳಗೆ ನುಗ್ಗಿ, ಬಾಗಿನಲ್ಲಿ ನಿಂತ ನೀರನ್ನು ಕಂಡು, ಅಯ್ಯೋ ಕಟ್ಟಿಕೊಂಡಿದೆ, ಇವತ್ತು ಪೈಪು ಒಡೆಯುತ್ತದೆ, ನಾಳೆ ಕೆಳಗಿನ ಮನೆಯವರ ಛಾವಣಿ ಕುಸಿಯುತ್ತದೆ ಎಂದು ಹೌಹಾರಿ, ಅದನ್ನು ಕಿತ್ತು ನೇರವಾದ ಕೊಳವೆ ಜೋಡಿಸಿದವನು ಅವನು. ಮಾರನೆಯ ದಿನ ಸ್ನಾನಕ್ಕೆ ಹೊರಟವನ ಮೂಗಿಗೆ ಆ ನಾತ ಬಡಿದಿತ್ತು. ಮಗಳು ಈಗ ಅದನ್ನೇ ಹೇಳುತ್ತಿದ್ದಳು, ಅಲ್ಲಲ್ಲಿ ಸಿಕ್ಕಿಕೊಂಡು, ಬಿಡಿಸಿಕೊಂಡು: "ನಮ್ಮಪ್ಪ, ಗ್ಯಾಸ್ ಲೀಕು, ಎಲ್ರೂ ಆಚೆ ಓಡಿ ಅಂತ ಕೂಗಿದ್ರು. ಮೂರು ಮಹಡಿಯವ್ರೂ ಬೀದಿಗೆ ಬಂದ್ರು. ಅಪ್ಪ ಟವೆಲ್‌ನಲ್ಲಿದ್ರು. ಬೆಂಕಿ ಬೀಳ್ಬಹುದು ಅಂತ ಮನೆಯಿಂದ ಒಂದೇ ಒಂದು ವಸ್ತು ಎತ್ಕೊಂಡು ಬಂದಿದ್ರು. ಅದೇನು ಗೊತ್ತಾ?"

ನಿಂತಳು.

ಜನರೂ ನಿಂತರು, ಅಂದರೆ ಕೂತಲ್ಲೇ ಉಸಿರು ಬಿಗಿಹಿಡಿದರು. ಉತ್ತರ ಅವನಿಗೆ ಗೊತ್ತಿತ್ತು. ಅವನ ಜೀವಮಾನದಲ್ಲಿ ಯಾರೂ ಬರೆದುಕೊಡದೆ ಅವನೇ ಆಡಿದ ಒಂದೇ ಒಂದು ನಾಟಕ ಅದು. ಬೀದಿಯಲ್ಲಿ ನಿಂತು ಕೈ ನೋಡಿಕೊಂಡಾಗ ಅದರಲ್ಲಿದ್ದದ್ದು ಟಿವಿಯ ರಿಮೋಟು. ಮಲಗಿದ್ದ ಪುಟ್ಟ ಮಗಳನ್ನು ಎತ್ತಿಕೊಂಡು ಹಿಂದಿನಿಂದ ಇಳಿದುಬಂದವಳು ಹೆಂಡತಿ. ಆ ನಗೆಯಲ್ಲಿ ಎಲ್ಲರೂ ಮರೆತಿದ್ದ ಈ ಭಾಗವನ್ನು ಅವನು ಮರೆತಿರಲಿಲ್ಲ. ಆ ಕೈಯನ್ನು ಅವನು ಆಮೇಲೆ ಎಷ್ಟೋ ಸಲ ತಿರುಗಿಸಿ ತಿರುಗಿಸಿ ನೋಡಿಕೊಂಡಿದ್ದ. ಈಗ ಇವಳು ಸಿಕ್ಕಿಕೊಂಡಳು. 'ರಿ' ಬರುತ್ತಿಲ್ಲ. ಮುಂದಿನ ಸಾಲಿನಲ್ಲಿ ಟೀಚರು ಕುರ್ಚಿಯ ತುದಿಗೆ ಸರಿದರು. ಮೇಲಕ್ಕೆದ್ದು ರಿಮೋಟು ಎಂದು ಕೂಗಿಬಿಡಲೇ? ಕರವಸ್ತ್ರ ಗಂಟಲಿಗಿಳಿಯುತ್ತಿತ್ತು, ಕಣ್ಣಲ್ಲಿ ನೀರು ಬಂತು. ಆ ನೀರಿನ ಮೂಲಕವೇ ಅವನಿಗೆ ಅವಳ ಮುಖ ಕಂಡಿತು. ಕಣ್ಣು ಎಡದಿಂದ ಬಲಕ್ಕೆ ಸಾಲು ಸಾಲಾಗಿ ಜನರನ್ನು ನೋಡುತ್ತಿತ್ತು. ಕೈಗಳು ಬಿಚ್ಚಿಕೊಂಡು ಸಲೀಸಾಗಿ ಜೋತುಬಿದ್ದಿದ್ದವು. ಬಾಯಿಯ ಒಂದು ಮೂಲೆಯಲ್ಲಿ, ಅವಳ ಅಮ್ಮ ಲೋಟದ ಹಿಂದೆ ಬಚ್ಚಿಟ್ಟುಕೊಳ್ಳುವ ನಗೆಯಿತ್ತು. ಇಷ್ಟು ವರ್ಷ ಅವನು ನಿಂತವರನ್ನು ಹಿಂದಿನಿಂದ ಮಾತ್ರ ನೋಡಿದ್ದ.

"ರಿಮೋಟು," ಎಂದಳು. "ಟಿವಿ ಒಳಗೇ ಇತ್ತು."

ನಗೆ ಛಾವಣಿಗೆ ಹೋಗಿ ಬಡಿಯಿತು. ಪಕ್ಕದ ತಾಯಿ ಹೊಟ್ಟೆ ಹಿಡಿದುಕೊಂಡು, ಎಂಥಾ ಅಪ್ಪ ಸಿಕ್ಕಿದ್ದಾನೆ ನೋಡಿ ಆ ಕೂಸಿಗೆ ಎಂದು ಇವನ ತೊಡೆಗೇ ತಟ್ಟಿದಳು. ಇವನು ಬಾಯಿಯಿಂದ ಒದ್ದೆ ಬಟ್ಟೆ ತೆಗೆದು, "ಹೌದ್ರೀ," ಎಂದ, "ಎಂಥೆಂಥವ್ರಿರ್ತಾರೆ."

ಹೆಂಡತಿಯ ಪಾಳಿ ಮುಗಿಯುವ ತನಕ ಮನೆಯಲ್ಲಿ ಯಾರೂ ಇರುವುದಿಲ್ಲವೆಂದು ಮಗಳನ್ನು ಸೀದಾ ನಾಟಕಕ್ಕೇ ಕರೆದುಕೊಂಡು ಹೋದ. ಬಸ್ಸಿನಲ್ಲಿ ಅವಳು, "ಬೇ... ಬೇಜಾರಾಯ್ತಾ?" ಎಂದಳು. "ಇಲ್ಲ," ಎಂದ. ಆದದ್ದಕ್ಕೆ ಬೇಜಾರು ಎನ್ನುತ್ತಾರೋ ಬೇರೆ ಏನನ್ನುತ್ತಾರೋ ಹುಡುಕುತ್ತಿದ್ದ. ಅಷ್ಟರಲ್ಲಿ ಇಳಿಯುವ ಜಾಗ ಬಂತು. ಪರದೆಯ ಹಿಂದೆ ಅವಳಿಗೊಂದು ಪೆಟ್ಟಿಗೆ ಬೋರಲು ಹಾಕಿ ಸ್ಟೂಲಿನ ಪಕ್ಕ ಕೂರಿಸಿದ. ಯಜಮಾನರು ಕಪ್ಪು ನಿಲುವಂಗಿಯಲ್ಲಿ ಅತ್ತ ಬಂದು, ಮಗಳ ತಲೆ ಸವರಿ, ಅವನಿಗೆ, "ಇವತ್ತು ಆ ಜಾಗದಲ್ಲಿ ನಂಗೇನೂ ಕೊಡ್ಬೇಡ," ಎಂದರು. "ಆಕಾಶ ಕಳಚಿ ಬಿದ್ರೂ ಕೊಡ್ಬೇಡ."

"ಇಲ್ಲ ಯಜಮಾನ್ರೇ. ಇವತ್ತು ನಾನು ಬೇರೆ ಮನುಷ್ಯ."

"ಅದನ್ನೂ ನೋಡೋಣ."

ನಿಜಕ್ಕೂ ಬೇರೆ ಮನುಷ್ಯನಾಗಿದ್ದೇನೆ ಎಂದೇ ಅವನಿಗನ್ನಿಸಿತ್ತು. ಮೊದಲ ಅಂಕ ದಾಟಿತು, ಎರಡನೆಯದೂ. ಅಲ್ಲೊಂದು ಇಲ್ಲೊಂದು ಮಾತು ಹಿತವಾಗಿ ಕೊಟ್ಟ. ಕೊನೆಯ ಅಂಕದಲ್ಲಿ ಯಜಮಾನರು ಆ ಜಾಗಕ್ಕೆ ಬಂದು ನಿಂತಾಗ ಅವನು ಪ್ರತಿಯನ್ನು ಮುಚ್ಚಿ ತೊಡೆಯ ಮೇಲಿಟ್ಟುಕೊಂಡು, ಗೋಡೆಗೊರಗಿ, ಸಂಗೀತ ಕೇಳುವವನಂತೆ ಆ ನಿಶ್ಶಬ್ದವನ್ನು ಕೇಳಿದ. ಆಹಾ, ಎಷ್ಟು ಚೆನ್ನಾಗಿ ನಿಂತಿದ್ದಾರೆ. ಎದುರಿನಿಂದ ಆ ಮುಖ ಹೇಗೆ ಕಾಣುತ್ತಿರಬಹುದು! ಇದನ್ನು ಕೆಡಿಸಿದೆನಲ್ಲ ಪಾಪಿ. ಮಗಳು ತೋಳು ಜಗ್ಗಿದಳು. ಅವನು ಕಣ್ಣಲ್ಲೇ, ಸುಮ್ಮನಿರು, ಇದು ನಿನಗೆ ತಿಳಿಯುವುದಿಲ್ಲ, ದೊಡ್ಡ ನಟರು ಹೀಗೆ ನಿಲ್ಲುತ್ತಾರೆ ಎಂದ. ಅವಳು ಇನ್ನೂ ಬಲವಾಗಿ ಜಗ್ಗಿ ಕಿವಿಗೆ ಬಾಯಿಟ್ಟಳು.

"ಅಪ್ಪ, ಅವ್ರು ನಿಂತಿಲ್ಲ. ಸಿಕ್ಕಿಕೊಂಡಿದ್ದಾರೆ. ಕೈ ನೋಡು."

ನೋಡಿದ. ಬೆನ್ನ ಹಿಂದೆ ಕಟ್ಟಿದ ಯಜಮಾನರ ಕೈಗಳಲ್ಲಿ ಎರಡೂ ಹೆಬ್ಬೆರಳುಗಳು ಮುಷ್ಟಿಯೊಳಗಿದ್ದವು. ನಿಲುವಂಗಿಯ ಭುಜಗಳು ಕಿವಿಯ ಹತ್ತಿರಕ್ಕೆ ಏರಿದ್ದವು. ಎದುರಿನವರಿಗೆ ಆ ಕೈಗಳು ಕಾಣವು. ಆಕಾಶ ಕಳಚಿ ಬಿದ್ದಿತ್ತು. ಕೊಡಬೇಡ ಎಂದವರೇ ಕೊಡು ಎಂದು ಬೆನ್ನಿನಿಂದ ಕೂಗುತ್ತಿದ್ದರು. ಅವನು ಬಾಯಿ ತೆರೆದ. ಬಾಯಿ ತೆರೆದೇ ಇತ್ತು. ಕನ್ನಡಿಯ ಮುಂದೆ, ಅಂಗಡಿಯಲ್ಲಿ, ಬಸ್ಸಿನಲ್ಲಿ, ಊರೆಲ್ಲರ ಮಾತನ್ನೂ ಅವರಿಗಿಂತ ಮುಂಚೆ ಆಡುತ್ತಿದ್ದ ತುಟಿಗಳು, ಬೆಳಗ್ಗೆ ಬೇಡಿಕೊಂಡಾಗ ಒಂದು ಗಳಿಗೆ ಸುಮ್ಮನಿರದಿದ್ದವು, ಈಗ ಮರದ ತುಂಡುಗಳಾಗಿದ್ದವು. ಮಾತು ತಲೆಯೊಳಗಿತ್ತು, ದಪ್ಪ ಅಕ್ಷರದಲ್ಲಿತ್ತು, ಅಲ್ಲಿಂದ ಗಂಟಲಿಗೆ ದಾರಿಯೇ ಇರಲಿಲ್ಲ. ಇಷ್ಟೇ ಸಣ್ಣ ಮಾತು. ಇಷ್ಟು ಎತ್ತರದ ಗೋಡೆ. ಇದರ ಮುಂದೆಯೇ ಇವಳು ದಿನವೂ ನಿಲ್ಲುತ್ತಾಳೆಯೇ?

ಮಗಳು ಅವನ ಮುಖ ನೋಡಿದಳು. ಮೊಣಕಾಲೂರಿ, ಅವನ ತೊಡೆಯ ಮೇಲೊಂದು ಕೈಯಿಟ್ಟು, ಪರದೆಯ ಸಂದಿಗೆ ಬಾಗಿ, "ಕರೆದುಕೊಂಡು ಹೋಗಿ," ಎಂದು ಪಿಸುಗುಟ್ಟಿದಳು. ನೀರು ಹರಿದಂತಿತ್ತು. ಮೊದಲ ಸಾಲಿಗೂ ಕೇಳಿಸದಷ್ಟು ಮೆಲ್ಲಗೆ, ಯಜಮಾನರ ಕಿವಿಗೆ ಸರಿಯಾಗಿ.

ಹೆಬ್ಬೆರಳುಗಳು ಹೊರಬಂದವು. ಭುಜ ಇಳಿಯಿತು. ಮಾತು ಕೈಗೆ ಬಂದ ಮೇಲೆ ಆ ಮುದುಕರು ಅದನ್ನು ತಕ್ಷಣ ಆಡಲಿಲ್ಲ. ಹಿಡಿದುಕೊಂಡು ಇನ್ನೂ ಒಂದು ಗಳಿಗೆ ನಿಂತರು. ನಿಲ್ಲುವುದೆಂದರೆ ಅದು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಆಡಿದರು. ಸಭೆಯಲ್ಲಿ ಯಾರೋ ಮೂಗು ಒರೆಸಿಕೊಂಡ ಸದ್ದಾಯಿತು.

ಬಣ್ಣದ ಕೋಣೆಯಲ್ಲಿ ಯಜಮಾನರು ಅರ್ಧ ಮುಖ ಒರೆಸಿಕೊಂಡಿದ್ದರು, ಅರ್ಧ ಇನ್ನೂ ನ್ಯಾಯಾಧೀಶರಾಗಿಯೇ ಇದ್ದರು. ಅಪ್ಪ ಮಗಳು ಒಳಗೆ ಬಂದದ್ದೇ ಎದ್ದು ಬಂದು ಅವನ ಹೆಗಲಿಗೆ ಹೊಡೆದರು. "ಬದುಕಿಸ್ದೆ ಕಣೋ ಮೂಟೆ. ಪಕ್ಕಾ ಹೊತ್ತಿಗೆ ಕೊಟ್ಟೆ. ನಾನೇ ಕೊಡ್ಬೇಡ ಅಂದಿದ್ದೆನಲ್ಲ, ಮುಗೀತು ಕಥೆ ಅಂದ್ಕೊಂಡೆ."

"ಕೊಟ್ಟಿದ್ದು ನಾನಲ್ಲ ಯಜಮಾನ್ರೇ."

"ಮತ್ಯಾರು?"

ಮಗಳು ಒಂದು ಹೆಜ್ಜೆ ಮುಂದೆ ಬಂದಿದ್ದಳು. "ನಾ..." ಎಂದಳು. "ನಾ... ನಾ..." ಹೆಬ್ಬೆರಳು ಒಳಗೆ ಹೋಯಿತು. ಬಳೆ ಕಳಚುತ್ತಿದ್ದ ಅಕ್ಕ ತಿರುಗಿ ನೋಡಿದಳು, ನಾಟಕದಲ್ಲಿ ಸತ್ತುಹೋಗಿದ್ದ ತಮ್ಮ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತ. ಆ ಕೋಣೆಯಲ್ಲಿ ಮುಂದಿನ 'ನು' ಗೊತ್ತಿಲ್ಲದವರು ಯಾರೂ ಇರಲಿಲ್ಲ. ಯಜಮಾನರ ಮುಖದಲ್ಲಿ ಕರುಣೆ ಬಂತು, ಅವರ ದೊಡ್ಡ ತುಟಿಗಳು, ಬಣ್ಣ ಹಚ್ಚಿದ್ದವು, ಆ ಅಕ್ಷರದ ಕಡೆಗೆ ಮೆಲ್ಲನೆ ಅಲ್ಲಾಡತೊಡಗಿದವು.

ಮೂಟೆ ಕೈಯೆತ್ತಿ ಅವರ ಬಾಯಿ ಮುಚ್ಚಿದ.

ಮಂಡಳಿ ಕಟ್ಟಿದವರ ಬಾಯಿ. ಯಾರೂ ಅವರ ಮಾತಿಗೆ ಅಡ್ಡ ಬಂದವರಲ್ಲ. ಅವರ ಕಣ್ಣು ಅಂಗೈಯ ಮೇಲಿನಿಂದ ಅವನನ್ನು ದುರುಗುಟ್ಟಿ ನೋಡಿತು. ಕೈಗೆ ಎಣ್ಣೆ, ಬಣ್ಣ, ಬಿಸಿಯುಸಿರು ಮೆತ್ತಿಕೊಂಡಿತು. ಕೆಲಸ ಹೋಯಿತು, ಎಂದುಕೊಂಡ. ಬಸ್ಸೂ ತಪ್ಪಿತು. ಗೀಸರು ಆಫ್ ಮಾಡಿದೆನೋ ಇಲ್ಲವೋ. ಎದೆ ನಗಾರಿಯಂತೆ ಬಡಿಯುತ್ತಿತ್ತು. ಕೈ ಮಾತ್ರ ಇಟ್ಟಲ್ಲೇ ಇತ್ತು. ಮಗಳು ಅದನ್ನು ನೋಡಿದಳು. ನೋಡಿ, ಉಸಿರೆಳೆದುಕೊಂಡು, ಯಾವ ಅವಸರವೂ ಇಲ್ಲದವಳಂತೆ, ಮತ್ತೆ ಮೊದಲಿನಿಂದ ಶುರುಮಾಡಿದಳು.